ಕುಸ್ತಿ ಕಲಿತವನಿಗೆ ಅದರಿಂದಲೇ ಹೊಟ್ಟೆ ತುಂಬುತ್ತದೆಯೇ? ಅನುಭವಸ್ಥರು ಹೇಳಿ

ಸವಣೂರು ಕಡೆಯವನು, ವಯಸ್ಸು 21. ಪಿಯುಸಿ ಮುಗಿಸಿ ಓದು ನಿಲ್ಲಿಸಿದ್ದೇನೆ. ಚಿಕ್ಕಂದಿನಿಂದ ಊರ ಗರಡಿಯಲ್ಲಿ ಮಣ್ಣಿನ ಕುಸ್ತಿ ಆಡಿದವನು. ಶಾಲೆಯಲ್ಲಿದ್ದಾಗ ರಾಜ್ಯಮಟ್ಟದಲ್ಲಿ ಕಂಚು ಬಂದಿತ್ತು, ಈಗ ಜಾತ್ರೆಗಳಲ್ಲಿ ಆಡುತ್ತೇನೆ. ಹುಬ್ಬಳ್ಳಿ ಎಪಿಎಂಸಿಯಲ್ಲಿ ಪರಿಚಯದವರ ದಲಾಲಿ ಅಂಗಡಿ ಸೇರು ಎಂದು ಅಪ್ಪ ಒತ್ತಾಯಿಸುತ್ತಿದ್ದಾರೆ. ಕುಸ್ತಿ, ಕರಾಟೆ, ಜೂಡೊ, ಯಾವುದರಿಂದಲಾದರೂ ಬದುಕು ಕಟ್ಟಿಕೊಂಡವರು ಇದ್ದದ್ದನ್ನು ಇದ್ದ ಹಾಗೆ ತಿಳಿಸಿ.

ಧಾರವಾಡದ ಕುಸ್ತಿ ತರಬೇತುದಾರರು:

ತಮ್ಮಾ, ಮೊದಲು ಜಾತ್ರೆಯ ಲೆಕ್ಕ ಹಾಕೋಣ. ನಮ್ಮ ಭಾಗದಲ್ಲಿ ಕುಸ್ತಿಯ ಹಂಗಾಮು ಸುಗ್ಗಿ ಮುಗಿದ ಮೇಲೆ ಆರಂಭವಾಗಿ ಮುಂಗಾರು ಬೀಳುವವರೆಗೆ. ಖುರಾಕಿಗೆ ಮಾತ್ರ ಹಂಗಾಮು ಇಲ್ಲ. ಹಾಲು, ತುಪ್ಪ, ಬಾದಾಮಿ ವರ್ಷವಿಡೀ ಬೇಕು.

ಕಣದಲ್ಲಿ ಏನು ನಡೆಯುತ್ತದೆ ಎಂಬುದು ನಿನಗೆ ಗೊತ್ತೇ ಇದೆ. ಹಲಗೆ ಬಡಿಯುತ್ತಿರುತ್ತದೆ, ಕಮಿಟಿಯ ಹಿರಿಯರು ಮೈಕಟ್ಟು ನೋಡಿ ಜೋಡಿ ಕೂಡಿಸುತ್ತಾರೆ, ಇಬ್ಬರೂ ಕೈ ಕೈ ಹಿಡಿದು ಕಣ ಸುತ್ತುತ್ತಾರೆ. ದೊಡ್ಡ ಇನಾಮು ಇರುವುದು ಕೊನೆಯ ಒಂದೆರಡು ಜೋಡಿಗೆ. ಅದಕ್ಕೆ ಬೆಳಗಾವಿ, ಕೊಲ್ಹಾಪುರ, ಸಾಂಗ್ಲಿಯಿಂದ ಹೆಸರಾದ ಪೈಲ್ವಾನರನ್ನು ಕರೆಸುತ್ತಾರೆ. ನಡುವಿನ ಜೋಡಿಗಳಲ್ಲಿ ಗೆದ್ದವನ ಹಣ ಹೋಗಿಬರುವ ಖರ್ಚಿಗೂ ಖುರಾಕಿಗೂ ಸರಿಹೋಗುತ್ತದೆ. ಮಣ್ಣು ಮೆತ್ತಿದ ಅಂಗೈಗೆ ಅಭಿಮಾನಿಯೊಬ್ಬ ನೋಟು ತುರುಕಿದಾಗ ಆಗುವ ಸಂತೋಷ ದೊಡ್ಡದು, ಅದನ್ನು ನಾನೂ ಉಂಡಿದ್ದೇನೆ. ಆದರೆ ಮೊಣಕಾಲು ತಿರುಚಿಕೊಂಡು ಮನೆಯಲ್ಲಿ ಕುಳಿತ ವರ್ಷ ಆ ಅಭಿಮಾನಿ ಬಾಗಿಲಿಗೆ ಬರುವುದಿಲ್ಲ. ಸರ್ಕಾರ ಮಾಜಿ ಪೈಲ್ವಾನರಿಗೆ ಮಾಸಾಶನ ಕೊಡುತ್ತದೆ, ಒಳ್ಳೆಯದೇ. ಅದು ವಯಸ್ಸಾದ ಮೇಲಿನ ಮಾತು, 21ರ ಹುಡುಗನ ಸಂಸಾರ ಅದರಿಂದ ನಡೆಯುವುದಿಲ್ಲ.

ನನ್ನ ಮಾತು ಒಂದೇ: ಈ ವರ್ಷವೇ ಪದವಿ ಕಾಲೇಜು ಸೇರು. ಓದಿನ ವ್ಯಾಮೋಹದಿಂದ ಹೇಳುತ್ತಿಲ್ಲ, ಕುಸ್ತಿಯ ಸಲುವಾಗಿಯೇ ಹೇಳುತ್ತಿದ್ದೇನೆ. ಕಾಲೇಜು ಸೇರಿದರೆ ಅಂತರ ಕಾಲೇಜು ಕುಸ್ತಿ, ಅಲ್ಲಿ ಗೆದ್ದರೆ ವಿಶ್ವವಿದ್ಯಾಲಯದ ತಂಡ, ಅಲ್ಲಿಂದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟ. ಆ ಕೂಟಕ್ಕೆ 25ರ ವಯೋಮಿತಿ ಇದೆ, ನಿನಗೆ ಇನ್ನೂ ಸಮಯವಿದೆ. ಪದವಿ ಮುಗಿದ ಮೇಲೆ ಬಿಪಿಇಡಿ (ದೈಹಿಕ ಶಿಕ್ಷಣ ಪದವಿ) ಮಾಡಿದರೆ ದೈಹಿಕ ಶಿಕ್ಷಕನಾಗಬಹುದು. ತರಬೇತುದಾರನಾಗುವ ಆಸೆಯಿದ್ದರೆ ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇದೆ. ಅದಕ್ಕೂ ಸಾಮಾನ್ಯವಾಗಿ ಪದವಿ ಕೇಳುತ್ತಾರೆ. ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಕೂಡ ಅಲ್ಲಿಯದೇ, ಆದರೆ ಡಿಪ್ಲೊಮಾಕ್ಕೆ ಇರುವ ಬೆಲೆಯೇ ಬೇರೆ.

ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿಯಲ್ಲಿರುವವರು:

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದಲ್ಲಿ ನೌಕರಿ ಸಿಗಲು ರಾಜ್ಯಮಟ್ಟದ ಪದಕವೊಂದೇ ಸಾಲದು. ರಾಷ್ಟ್ರಮಟ್ಟದಲ್ಲಿ ರಾಜ್ಯವನ್ನು ಪ್ರತಿನಿಧಿಸಿರಬೇಕು, ಇಲ್ಲವೇ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ವಿಶ್ವವಿದ್ಯಾಲಯದ ಪರ, ಇಲ್ಲವೇ ರಾಷ್ಟ್ರೀಯ ಶಾಲಾ ಕೂಟದಲ್ಲಿ ರಾಜ್ಯ ತಂಡದ ಪರ ಆಡಿರಬೇಕು. ಪ್ರಮಾಣಪತ್ರಕ್ಕೆ ನಿಗದಿಯಾದ ನಮೂನೆಗಳಿವೆ: ಅಂತರರಾಷ್ಟ್ರೀಯಕ್ಕೆ 1, ರಾಷ್ಟ್ರೀಯಕ್ಕೆ 2, ವಿಶ್ವವಿದ್ಯಾಲಯಕ್ಕೆ 3, ಶಾಲಾ ಕೂಟಕ್ಕೆ 4. ಕೂಟ ಮುಗಿದ ಕೂಡಲೇ ಸಹಿ ಮಾಡಿಸಿಕೊಳ್ಳಿ. ವರ್ಷಗಳ ನಂತರ ಹೋದರೆ ಸಹಿ ಮಾಡಬೇಕಾದವರು ನಿವೃತ್ತರಾಗಿರುತ್ತಾರೆ. ನೈಋತ್ಯ ರೈಲ್ವೆಯ ಪ್ರಧಾನ ಕಚೇರಿ ನಮ್ಮೂರಲ್ಲೇ ಇದೆ ಎಂದು ನಂಬಿ ಕೂರಬೇಡಿ. ಯಾವ ಕ್ರೀಡೆಗೆ, ಯಾವ ತೂಕಕ್ಕೆ ಹುದ್ದೆ ಎಂಬುದು ಅಧಿಸೂಚನೆಯಿಂದ ಅಧಿಸೂಚನೆಗೆ ಬದಲಾಗುತ್ತದೆ, ಎಲ್ಲ ವಲಯಗಳಿಗೂ ಅರ್ಜಿ ಹಾಕಿ.

ಲಕ್ಷ್ಮೇಶ್ವರ ಕಡೆ ಮಲ್ಲಕಂಬ ಆಡುವ ಮಕ್ಕಳಿದ್ದಾರೆ. ಅವರ ಮನೆಯವರು ಇದನ್ನು ಓದುತ್ತಿದ್ದರೆ ತಿಳಿದಿರಲಿ: 2020ರಲ್ಲಿ ಕೋಟಾದ ಕ್ರೀಡೆಗಳ ಪಟ್ಟಿ 43ರಿಂದ 63ಕ್ಕೆ ಏರಿದಾಗ ಮಲ್ಲಕಂಬವೂ ಸೇರಿದೆ.

ವಿದ್ಯಾನಗರದಲ್ಲಿ ಕರಾಟೆ ಕಲಿಸುವವರು:

ನನ್ನ ಮನೆ ನಡೆಯುವುದು ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳಿಂದ. ದೊಡ್ಡವರು ಜನವರಿಯಲ್ಲಿ ಹುಮ್ಮಸ್ಸಿನಿಂದ ಸೇರಿ ಯುಗಾದಿಯ ಹೊತ್ತಿಗೆ ಕಾಣೆಯಾಗುತ್ತಾರೆ. ಮಕ್ಕಳು ಉಳಿಯುತ್ತಾರೆ, ತಮ್ಮ ತಂಗಿಯರನ್ನೂ ಕರೆತರುತ್ತಾರೆ. ಬೇಸಿಗೆ ಶಿಬಿರದಲ್ಲಿ ಕೈಗೆ ಹಣ ಓಡಾಡುತ್ತದೆ, ಪರೀಕ್ಷೆಯ ತಿಂಗಳಲ್ಲಿ ತರಗತಿ ಅರ್ಧ ಖಾಲಿ. ಸಭಾಂಗಣದ ಬಾಡಿಗೆ ಮಾತ್ರ ಎರಡೂ ತಿಂಗಳು ಒಂದೇ.

ಸರ್ಕಾರಿ ಶಾಲೆಗಳಲ್ಲಿ ಸಮಗ್ರ ಶಿಕ್ಷಣ ಯೋಜನೆಯಡಿ 6ರಿಂದ 12ನೇ ತರಗತಿಯ ಹುಡುಗಿಯರಿಗೆ ಮೂರು ತಿಂಗಳ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಇದೆ. ವಸತಿ ಶಾಲೆ, ಹಾಸ್ಟೆಲ್‌ಗಳಲ್ಲಿ ಓಬವ್ವ ಹೆಸರಿನ ತರಬೇತಿ ಇದೆ. ಇಲ್ಲಿ ಹಣ ತಡವಾಗಿ ಬರುತ್ತದೆ. ನನಗೊಮ್ಮೆ ಒಂದು ಶಾಲೆಯ ಗೌರವಧನ ಮುಂದಿನ ಶೈಕ್ಷಣಿಕ ವರ್ಷದಲ್ಲಿ ಬಂತು. ಅದಕ್ಕಾಗಿ ಹಾಜರಿ ಪುಸ್ತಕಕ್ಕೆ ಆಯಾ ದಿನವೇ ಮುಖ್ಯ ಶಿಕ್ಷಕರ ಸಹಿ ಹಾಕಿಸಿ, ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ. ಹುಡುಗಿಯರ ತರಗತಿಗೆ ಮಹಿಳಾ ತರಬೇತುದಾರರು ಸಾಲುತ್ತಿಲ್ಲ. ನಿಮ್ಮ ಊರಲ್ಲಿ ಕುಸ್ತಿ, ಜೂಡೊ ಬಲ್ಲ ಅಕ್ಕ ತಂಗಿಯರಿದ್ದರೆ ಅವರನ್ನು ಜೊತೆಗೆ ಸೇರಿಸಿಕೊಂಡು ಹೋಗಿ. ಅವರಿಗೂ ಸಂಪಾದನೆಯಾಗುತ್ತದೆ, ಪಾಲಕರಿಗೂ ಧೈರ್ಯ ಬರುತ್ತದೆ.

ಇನ್ನೊಂದು ಮಾತು. ಸರ್ಕಾರದ ಮಾನ್ಯತೆ ಇಲ್ಲದ ಸಂಸ್ಥೆಗಳು ಹಣ ಪಡೆದು ಬೆಲ್ಟ್ ಕೊಡುತ್ತವೆ. ಆ ಕಾಗದ ಗೋಡೆಗೆ ಚೆನ್ನ, ನೌಕರಿಯ ಅರ್ಜಿಗೆ ಬರುವುದಿಲ್ಲ.

ಗದಗದಿಂದ, ಭದ್ರತಾ ಏಜೆನ್ಸಿಯಲ್ಲಿ ಮೇಲ್ವಿಚಾರಕರು:

ನಮ್ಮ ಕೆಲಸಕ್ಕೆ ಬರುವ ಪೈಲ್ವಾನರು ಬಹಳ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯ ಪ್ರಕಾರ ಏಜೆನ್ಸಿಗೆ ಪರವಾನಗಿ ಇರಬೇಕು, ಕಾವಲುಗಾರನಿಗೆ ತರಬೇತಿ ಆಗಿರಬೇಕು. ಕೇಂದ್ರದ ಮಾದರಿ ನಿಯಮದಲ್ಲಿ ಅದು 160 ಗಂಟೆ. ಪರವಾನಗಿ ತೋರಿಸದ ಕಡೆ ಸೇರಬೇಡಿ. ಮೈಕಟ್ಟು ನೋಡಿ ಸಾಲ ವಸೂಲಿಗೆ, ಜಮೀನು ಬಿಡಿಸಲು ಕರೆಯುವವರೂ ಇದ್ದಾರೆ. ಹೆಚ್ಚು ಹಣ ತೋರಿಸುತ್ತಾರೆ. ಒಂದು ಎಫ್‌ಐಆರ್‌ನಲ್ಲಿ ಹೆಸರು ಬಂದರೆ ನಾಳೆ ಪೊಲೀಸ್, ರೈಲ್ವೆ, ಸೇನೆ ಯಾವುದಕ್ಕೆ ಆಯ್ಕೆಯಾದರೂ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತೀರಿ. ಕೈಮುಗಿದು ಹೇಳುತ್ತೇನೆ, ಆ ಕಡೆ ಸುಳಿಯಬೇಡಿ.

ಸವಣೂರಿನ ಹುಡುಗ:

ಎಲ್ಲರಿಗೂ ಧನ್ಯವಾದ. ಮಣ್ಣಿನಲ್ಲಿ ಆಡಿದವನು ಕಾಲೇಜು ಕೂಟಗಳಲ್ಲಿ ಮ್ಯಾಟ್ ಮೇಲೆ ನಿಲ್ಲಬಲ್ಲೆನೇ? ಅಂಗಡಿಯ ಕೆಲಸವನ್ನು ಅಪ್ಪನಿಗೆ ಹೇಗೆ ಬೇಡ ಎನ್ನಲಿ?

ಧಾರವಾಡದ ತರಬೇತುದಾರರು:

ಬೇಡ ಎನ್ನಬೇಡ. ಕಾಲೇಜು ಮುಗಿದ ಮೇಲೆ ಅರ್ಧ ದಿನ ಅಂಗಡಿಗೆ ಬರುತ್ತೇನೆ ಎನ್ನು, ಖುರಾಕಿನ ಖರ್ಚಾದರೂ ಹುಟ್ಟುತ್ತದೆ. ಹಂಗಾಮಿನಲ್ಲಿ ಹತ್ತಿರದ ಜಾತ್ರೆಗಳನ್ನು ಆಡು, ದೂರದವನ್ನು ಬಿಡು.

ಮ್ಯಾಟ್ ಬೇರೆ ಆಟವೇ. ಮಣ್ಣಿನಲ್ಲಿ ಎದುರಾಳಿಯನ್ನು ಚಿತ್ ಮಾಡುವವರೆಗೆ ಕಾಯಬಹುದು. ಇಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಫ್ರೀಸ್ಟೈಲ್‌ನಲ್ಲಿ 10 ಅಂಕದ ಅಂತರವಾದರೆ ಅಲ್ಲಿಗೇ ಮುಗಿಯಿತು. ಮಣ್ಣಿನವರಿಗೆ ಹಿಡಿತದ ಬಲ ಇರುತ್ತದೆ, ಕಾಲಿಗೆ ನುಗ್ಗುವ ವೇಗ ಕಡಿಮೆ. ಅದನ್ನು ತಿದ್ದಲು ಒಂದು ವರ್ಷ ಸಾಕು, ದಿನವೂ ಮ್ಯಾಟ್ ಸಿಗಬೇಕು ಅಷ್ಟೇ. ಪ್ರವೇಶ ಪಡೆಯುವ ಮೊದಲು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಂಡು, ಅಭ್ಯಾಸಕ್ಕೆ ಎಲ್ಲಿ ಕಳುಹಿಸುತ್ತಾರೆ ಎಂದು ಕೇಳು. ನಿನ್ನ ತೂಕ ಎಷ್ಟು, 65ರ ವರ್ಗವೋ 74ರದ್ದೋ? ತಿಳಿಸಿದರೆ ಮುಂದಿನದನ್ನು ಬರೆಯುತ್ತೇನೆ.