ಅಪ್‌ಡೇಟ್: ಹರಿದ ಲೆದರ್ ಸೀಟು ಸರಿಹೋಯ್ತು, ಒಂದು ಪೀಸ್ ಮಾತ್ರ ಬದಲಿಸಿ

ಡ್ರೈವರ್ ಸೀಟಿನ ಹೊರಗಡೆ ಅಂಚು, ಹತ್ತಿ ಇಳಿಯುವಾಗ ತೊಡೆ ಉಜ್ಜೋ ಜಾಗ, ಹೊಲಿಗೆ ಉದ್ದಕ್ಕೂ ಬಿಟ್ಟು ಸ್ಪಂಜ್ ಕಾಣ್ತಿದೆ, ಕಡಿಮೆ ಖರ್ಚಲ್ಲಿ ಏನ್ಮಾಡ್ಬೋದು ಅಂತ ಕೇಳಿದ್ದೆ ಅಲ್ವಾ. ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್.

ಲಿಕ್ವಿಡ್ ಲೆದರ್ ಕಿಟ್ (ಬಿರುಕಿಗೆ ಹಚ್ಚಿ ಒಣಗಿಸೋ ಪೇಸ್ಟ್) ಟ್ರೈ ಮಾಡ್ದೆ, ಹಿಂದಿನ ಸೀಟಿನ ಸಣ್ಣ ಬಿರುಕು ಚೆನ್ನಾಗಿ ಮುಚ್ಕೊಳ್ತು, ಆದ್ರೆ ಹೊಲಿಗೆ ಬಿಟ್ಟಿರೋ ಕಡೆ ಕೂತು ಎದ್ದು ಮಾಡ್ತಿದ್ದ ಹಾಗೆ ಮತ್ತೆ ಬಾಯ್ಬಿಡ್ತು, ಎಳೆತ ಇರೋ ಜಾಗಕ್ಕೆ ಅದು ಆಗಲ್ಲ. ಸೂಪರ್ ಗ್ಲೂ ಮಾತ್ರ ದಯವಿಟ್ಟು ಯಾರೂ ಹಾಕ್ಬೇಡಿ, ಒಣಗಿದ್ಮೇಲೆ ಗಟ್ಟಿಯಾಗಿ ಪಕ್ಕದ ಲೆದರೂ ಸೀಳುತ್ತೆ.

ಕೆಲಸ ಮಾಡಿದ್ದು 'ಬೆಂಗಳೂರಿನ ಜೆ.ಸಿ. ರೋಡಿಗೆ (ಕಾರ್ ಸೀಟ್ ಕೆಲಸದ ಅಂಗಡಿಗಳಿರೋ ಬೀದಿ) ಹೋಗಿ ಹರಿದ ಪೀಸ್ ಒಂದನ್ನೇ ಬದಲಿಸಿ' ಅಂದವರ ಸಲಹೆ. ಮೊದ್ಲು ಕೇಳಿದ ಅಂಗಡಿಯವ್ರು ಪೂರ್ತಿ ಸೆಟ್ಟೇ ಹಾಕಿಸಿ ಅಂದ್ರು. ಆಮೇಲೆ ಸಿಕ್ಕ ವಯಸ್ಸಾದ ಟೈಲರ್ ಒಬ್ರು ಕವರ್ ಬಿಚ್ಚಿ, ಹಳೆ ಪೀಸನ್ನೇ ಅಳತೆಗಿಟ್ಟು ಹೊಸದು ಕತ್ತರಿಸಿ, ನೈಲಾನ್ ದಾರದಲ್ಲಿ ಹೊಲಿದು, ಕುಗ್ಗಿದ್ದ ಸ್ಪಂಜಿಗೂ ಒಂದು ಪದರ ಸೇರಿಸಿ ಕೊಟ್ರು. ಎಷ್ಟು ನೀಟಾದ ಕೈ ಅಂದ್ರೆ ಹೊಸ ಪೀಸ್ ಯಾವ್ದು ಅಂತ ಹುಡುಕ್ಬೇಕು! ಪೂರ್ತಿ ಸೆಟ್ಟಿಗೆ ಹೇಳಿದ್ದ ರೇಟಲ್ಲಿ ಕಾಲು ಭಾಗಾನೂ ಆಗ್ಲಿಲ್ಲ.

ಆಶ್ಚರ್ಯ ಆಗಿದ್ದು ಏನಂದ್ರೆ ನನ್ ಕಾರಲ್ಲಿ ಮೈ ತಾಗೋ ಭಾಗ ಮಾತ್ರ ಅಸಲಿ ಲೆದರ್, ಪಕ್ಕ, ಹಿಂಭಾಗ ಎಲ್ಲಾ ರೆಕ್ಸಿನ್. ಎಷ್ಟೋ ಕಂಪನಿ ಕಾರಲ್ಲಿ ಹೀಗೇ ಅಂತೆ. ಹಾಗಾಗಿ ಪಕ್ಕದ ಪೀಸಿಗೆ ಒಳ್ಳೆ ರೆಕ್ಸಿನ್ನೇ ಸಾಕು.

ಸೀಟಲ್ಲಿ ಏರ್‌ಬ್ಯಾಗ್ ಇದ್ರೆ ಸೀಟ್ ಬಿಚ್ಚೋ ಮುಂಚೆ ಬ್ಯಾಟರಿ ಟರ್ಮಿನಲ್ ತೆಗೆಸಿ ಸ್ವಲ್ಪ ಹೊತ್ತು ಬಿಡಿ, ಏರ್‌ಬ್ಯಾಗ್ ಆ ಕಡೆ ಹೊಲಿಗೆ ಬಿಚ್ಕೊಂಡೇ ಹೊರಗೆ ಬರ್ಬೇಕು, ಹಾಗಾಗಿ ಅಲ್ಲಿಗೆ ಮಾಮೂಲಿ ದಾರ ಹಾಕಿಸ್ಬೇಡಿ.