ಪದೇ ಪದೇ ಕ್ರ್ಯಾಶ್ ಆಗುವ ಹಳೇ ಪಿಸಿ: ಬೋರ್ಡ್ ಬದಲಿಸುವ ಮುಂಚೆ

ನಿಮ್ಮ ಪ್ರಶ್ನೆ ಓದಿದೆ. ಅಪ್ಪ 2013ರಲ್ಲಿ ಬಿಡಿ ಭಾಗ ತಂದು ಜೋಡಿಸಿದ ಪಿಸಿ, ಮೂರನೇ ಜನರೇಷನ್ ಐ5, 4 ಜಿಬಿಯ ಎರಡು ರ‍್ಯಾಮ್. ದಿನಕ್ಕೆ ಎರಡು ಮೂರು ಸಲ ನೀಲಿ ಸ್ಕ್ರೀನ್, ಪ್ರತಿ ಸಲ ಬೇರೆ ಬೇರೆ ಎರರ್. ಕೆಲವು ಸಲ ಏನೂ ತೋರಿಸದೆ ಪಟ್ ಅಂತ ಆಫ್. ಬೆಳಿಗ್ಗೆ ಹಾಕಿದರೆ ಟೈಮ್ ತಪ್ಪಿರುತ್ತದೆ. ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ ಅಂದಿದ್ದಾರೆ, ನಂಬಬಹುದಾ ಅಂತ ಕೇಳಿದ್ದೀರಿ.

ಈಗಲೇ ನಂಬಬೇಡಿ. ನೀಲಿ ಸ್ಕ್ರೀನ್ ಬರುವುದು, ಸುಮ್ನೆ ಆಫ್ ಆಗುವುದು, ಟೈಮ್ ತಪ್ಪುವುದು, ಈ ಮೂರಕ್ಕೂ ಒಂದೇ ಕಾರಣ ಇರಬೇಕಾಗಿಲ್ಲ. ನಮ್ಮ ಮನೆಯ ಪಿಸಿಯೂ ಹೆಚ್ಚುಕಡಿಮೆ ನಿಮ್ಮದರ ವಯಸ್ಸಿನದೇ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದಿಡೀ ದಿನ ಸುತ್ತಿ ತಂದು ಜೋಡಿಸಿದ್ದು. ಅದಕ್ಕೂ ಹೀಗೇ ಆಗಿತ್ತು, ನೋಡಿದರೆ ಎರಡು ಬೇರೆ ಬೇರೆ ತೊಂದರೆ ಒಟ್ಟಿಗೆ ಸೇರಿಕೊಂಡಿದ್ದವು.

ಏನನ್ನೂ ಮುಟ್ಟುವ ಮೊದಲು ಫೋಟೊ, ಕಾಲೇಜಿನ ಫೈಲು ಎಲ್ಲವನ್ನೂ ಬೇರೆ ಡಿಸ್ಕಿಗೆ ಹಾಕಿಕೊಳ್ಳಿ. ಇವತ್ತೇ ಮಾಡಿ. ಜೊತೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಷ್ಟು ಗಂಟೆಗೆ ನಿಂತಿತು, ಆಗ ಏನು ಓಡುತ್ತಿತ್ತು, ಮನೆಯಲ್ಲಿ ಬೇರೆ ಏನು ಆನ್ ಆಯಿತು, ಎಲ್ಲ ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ರ‍್ಯಾಮ್, ಕೇಬಲ್, ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಮೂರನ್ನೂ ಒಂದೇ ದಿನ ಬದಲಿಸಿದರೆ ಸರಿಹೋದರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ಪ್ರತಿ ಸಲ ಬೇರೆ ಎರರ್ ಬರುತ್ತಿದೆ ಅಂದರೆ ನನಗೆ ಮೊದಲು ಅನುಮಾನ ಬರುವುದು ರ‍್ಯಾಮ್ ಮೇಲೆ. ಮೆಮ್‌ಟೆಸ್ಟ್86+ ಅಂತ ಉಚಿತ ಪ್ರೋಗ್ರಾಮ್ ಇದೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಬೂಟ್ ಮಾಡಿ, ರಾತ್ರಿ ಬಿಟ್ಟು ಮಲಗಿ. ಒಂದೇ ಒಂದು ಎರರ್ ಬಂದರೂ ಅದು ತೊಂದರೆಯೇ. ನಮ್ಮ ಪಿಸಿಯಲ್ಲಿ ಹತ್ತು ನಿಮಿಷಕ್ಕೇ ಎರರ್ ಸಾಲುಸಾಲಾಗಿ ಬಂದವು. ರ‍್ಯಾಮ್ ಹೋಯಿತು, ಹೊಸದು ತರೋಣ ಅಂತ ಹೊರಟಿದ್ದೆ. ಆಮೇಲೆ ಒಂದೊಂದೇ ಹಾಕಿ ನೋಡೋಣ ಅನ್ನಿಸಿತು. ಮೊದಲ ಸ್ಟಿಕ್ಕನ್ನು ಎರಡನೇ ಸ್ಲಾಟಿಗೆ ಹಾಕಿದೆ, ಎರರ್ ಇಲ್ಲ. ಎರಡನೇ ಸ್ಟಿಕ್ಕನ್ನು ಅದೇ ಸ್ಲಾಟಿಗೆ ಹಾಕಿದೆ, ಆಗಲೂ ಇಲ್ಲ. ಮೊದಲ ಸ್ಲಾಟಿಗೆ ಎರಡರಲ್ಲಿ ಯಾವುದನ್ನು ಹಾಕಿದರೂ ಎರರ್! ಸ್ಟಿಕ್ಕುಗಳು ಚೆನ್ನಾಗಿಯೇ ಇದ್ದವು. ಟಾರ್ಚ್ ಹಿಡಿದು ಸ್ಲಾಟಿನೊಳಗೆ ನೋಡಿದರೆ ಬೂದು ಬಣ್ಣದ ಧೂಳು, ಅದರ ನಡುವೆ ಒಂದು ಇರುವೆಯ ಒಣಗಿದ ಕಾಲು. ಹಳೇ ಮೆತ್ತನೆಯ ಟೂತ್‌ಬ್ರಷ್ಷಿನಿಂದ ಉಜ್ಜಿ, ಊದುವ ಬಲ್ಬಿನಿಂದ ಧೂಳು ತೆಗೆದೆ. ಸ್ಟಿಕ್ಕಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಟಕ್ ಅಂತ ಎರಡೂ ಕಡೆ ಲಾಕ್ ಬೀಳುವ ತನಕ ಒತ್ತಿದೆ. ಆ ರಾತ್ರಿ ಒಂದು ಎರರೂ ಬರಲಿಲ್ಲ. ಅದಾದ ಮೇಲೆ ನೀಲಿ ಸ್ಕ್ರೀನ್ ನೋಡಿಲ್ಲ. ನೀವು ಮಾಡುವಾಗ ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ, ಕೈಯನ್ನು ಕ್ಯಾಬಿನೆಟ್ಟಿನ ಬರಿ ಲೋಹಕ್ಕೆ ತಾಗಿಸಿ ಆಮೇಲೆ ಮುಟ್ಟಿ.

ಆದರೆ ಆಫ್ ಆಗುವುದು ನಿಲ್ಲಲಿಲ್ಲ. ವಿಂಡೋಸ್‌ನ ಈವೆಂಟ್ ವ್ಯೂವರ್, ಅಂದರೆ ಪಿಸಿಯಲ್ಲಿ ಆದದ್ದೆಲ್ಲ ದಾಖಲಾಗುವ ಪಟ್ಟಿ, ತೆಗೆದರೆ ಪ್ರತಿ ಸಲವೂ ಕರ್ನಲ್-ಪವರ್ 41 ಅನ್ನುವ ಎರರ್. ಇದನ್ನು ನೋಡಿ ಎಸ್‌ಎಂಪಿಎಸ್ ಹೋಗಿದೆ ಅನ್ನುವವರು ಬಹಳ ಜನ ಇದ್ದಾರೆ. ಪಿಸಿ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದೆ ಅಂತ ಮಾತ್ರ ಅದರ ಅರ್ಥ. ಯಾಕೆ ನಿಂತಿತು ಅಂತ ಅದು ಹೇಳುವುದಿಲ್ಲ.

ಹೇಳಿದ್ದು ನೋಟ್‌ಬುಕ್. ಬೆಳಿಗ್ಗೆ ಆರೂವರೆ, ಏಳು ಗಂಟೆ ಸುಮಾರಿಗೇ ಜಾಸ್ತಿ ಆಫ್ ಆಗುತ್ತಿತ್ತು. ನಮ್ಮನೆಯಲ್ಲಿ ಬಾವಿಯ ಮೋಟರ್ ಹಾಕುವ ಹೊತ್ತು ಅದು. ಮೋಟರ್ ಶುರುವಾದ ಕೂಡಲೇ ಲೈಟು ಒಂದು ಕ್ಷಣ ಮಂಕಾಗುತ್ತದಲ್ವಾ, ಆಗ ಯುಪಿಎಸ್ ಬ್ಯಾಟರಿಗೆ ಬದಲಾಗುತ್ತದೆ. ನಮ್ಮ ಬ್ಯಾಟರಿಗೆ ನಾಲ್ಕು ವರ್ಷ ಆಗಿತ್ತು, ಒಂದು ಕ್ಷಣದ ಹೊರೆಯನ್ನೂ ಹೊರುವ ಶಕ್ತಿ ಅದರಲ್ಲಿರಲಿಲ್ಲ. ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಹಾಕಿ ಮೂರು ದಿನ ನೋಡಿದೆ, ಒಂದು ಸಲವೂ ನಿಲ್ಲಲಿಲ್ಲ. 12 ವೋಲ್ಟ್, 7 ಎಎಚ್ ಬ್ಯಾಟರಿ ಹೊಸದು ಹಾಕಿದೆ, ಮುಗಿಯಿತು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವ ಊರಾದರೆ ಯುಪಿಎಸ್ಸನ್ನೇ ಮೊದಲು ನೋಡಿ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದಾ ಅಂತಲೂ ಗಮನಿಸಿ. ಅನ್ನುತ್ತಿದ್ದರೆ ಅರ್ಥಿಂಗ್ ಸರಿಯಿಲ್ಲ, ಎಲೆಕ್ಟ್ರಿಷಿಯನ್ ಕರೆಸಿ, ಅಲ್ಲಿಯವರೆಗೆ ಆನ್ ಮಾಡಬೇಡಿ.

ಗೋಡೆಗೆ ಹಾಕಿದರೂ ಆಫ್ ಆದರೆ ಆಗ ಎಸ್‌ಎಂಪಿಎಸ್ ನೋಡಬೇಕು. ಮಲ್ಟಿಮೀಟರ್ ಇದ್ದರೆ ಪಿಸಿ ಓಡುತ್ತಿರುವಾಗ ನಾಲ್ಕು ಪಿನ್ನಿನ ಖಾಲಿ ಕನೆಕ್ಟರಿನಲ್ಲಿ ಹಳದಿ ಮತ್ತು ಕಪ್ಪು ವೈರುಗಳ ನಡುವೆ ಅಳೆಯಿರಿ. 11.4ರಿಂದ 12.6 ವೋಲ್ಟ್ ಒಳಗೆ ಇರಬೇಕು. ಮೀಟರಿನ ಮುಳ್ಳುಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ಮೀಟರ್ ಹಿಡಿದು ಅಭ್ಯಾಸ ಇಲ್ಲದಿದ್ದರೆ ಗೆಳೆಯರ ಒಳ್ಳೆಯ ಎಸ್‌ಎಂಪಿಎಸ್ ಒಂದು ದಿನಕ್ಕೆ ಕೇಳಿ ಹಾಕಿ ನೋಡಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಹಿಡಿದಿಡುವ ಕೆಪ್ಯಾಸಿಟರಿನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು.

ಹುಬ್ಬಳ್ಳಿಯ ನಮ್ಮ ಭಾವನ ಕಥೆ ಬೇರೆ. ಮೇ ತಿಂಗಳಲ್ಲಿ ವಿಡಿಯೊ ಎಡಿಟ್ ಮಾಡಲು ಕೂತರೆ ಇಪ್ಪತ್ತು ನಿಮಿಷಕ್ಕೆ ಆಫ್. ಬಿಸಿ ಎಷ್ಟಿದೆ ಅಂತ ತೋರಿಸುವ ಎಚ್‌ಡಬ್ಲ್ಯುಇನ್ಫೊ ಪ್ರೋಗ್ರಾಮ್ ಹಾಕಿ ನೋಡಿದರೆ ಪ್ರೊಸೆಸರ್ 98 ಡಿಗ್ರಿ. ಇಂಟೆಲ್ ಜೊತೆ ಬರುವ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವಲ್ಲ, ಅದರಲ್ಲಿ ಒಂದು ಎದ್ದು ಬಂದಿತ್ತು. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟ್ ಒಣಗಿ ಸುಣ್ಣದ ಹಾಗಾಗಿತ್ತು. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಿ, ಪಿನ್ನುಗಳನ್ನು ಎದುರುಬದುರು ಮೂಲೆಯಿಂದ ಒತ್ತಿ ಕೂರಿಸಿದರು. 65 ಡಿಗ್ರಿಗೆ ಇಳಿಯಿತು.

ಟೈಮ್ ತಪ್ಪುವುದಕ್ಕೆ ಬೋರ್ಡಿನ ಮೇಲಿರುವ ಸಿಆರ್2032 ಬಟನ್ ಸೆಲ್ ಬದಲಿಸಿ, ಚಿಲ್ಲರೆ ಖರ್ಚು. ಆದರೆ ಅದನ್ನು ತೆಗೆದರೆ ಬಯಾಸ್ (ಪಿಸಿ ಆನ್ ಆದ ಕೂಡಲೇ ಓಡುವ ಬೋರ್ಡಿನ ಪ್ರೋಗ್ರಾಮ್) ಸೆಟ್ಟಿಂಗ್ ಅಳಿಸಿಹೋಗಬಹುದು, ಹಾಗಾಗಿ ಮುಂಚೆಯೇ ಅದರಲ್ಲಿ ಸಾಟಾ ಮೋಡ್, ಅಂದರೆ ಡಿಸ್ಕ್ ಜೊತೆ ಮಾತಾಡುವ ರೀತಿ, ಏನಿದೆ ಅಂತ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಎಎಚ್‌ಸಿಐ ಮೋಡ್ ಇದ್ದದ್ದು ಐಡಿಇ ಮೋಡಿಗೆ ಹೋದರೆ ವಿಂಡೋಸ್ ಶುರುವಾಗುವಾಗಲೇ ನೀಲಿ ಸ್ಕ್ರೀನ್ ಬಂದು ಗಾಬರಿಯಾಗುತ್ತದೆ. ಮೋಡ್ ವಾಪಸ್ ಹಾಕಿದರೆ ಸರಿ.

ಹಾಗೆಯೇ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಪ್ರೋಗ್ರಾಮ್ ಹಾಕಿ ಡಿಸ್ಕ್ ನೋಡಿ. ರೀಅಲೊಕೇಟೆಡ್ ಅಥವಾ ಪೆಂಡಿಂಗ್ ಸೆಕ್ಟರ್ (ಡಿಸ್ಕಿನಲ್ಲಿ ಕೆಟ್ಟ ಅಥವಾ ಕೆಟ್ಟಿರಬಹುದಾದ ಜಾಗ) ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ಹೋಗುತ್ತಿದೆ. ಸಿಆರ್‌ಸಿ ಎರರ್ (ಡೇಟಾ ಸಾಗುವಾಗ ಆಗುವ ತಪ್ಪು) ಮಾತ್ರ ಏರುತ್ತಿದ್ದರೆ ಹೆಚ್ಚಾಗಿ ಸಾಟಾ ಕೇಬಲ್ಲಿನದೇ ತಪ್ಪು. ಆ ಸಂಖ್ಯೆ ಮತ್ತೆ ಸೊನ್ನೆಗೆ ಬರುವುದಿಲ್ಲ, ಕೇಬಲ್ ಬದಲಿಸಿದ ಮೇಲೆ ಏರದಿದ್ದರೆ ಸಾಕು.

ಇಷ್ಟೆಲ್ಲ ಆದ ಮೇಲೂ ನಿಲ್ಲದಿದ್ದರೆ ಆಗ ಬೋರ್ಡ್ ಅನ್ನೋಣ. ಪ್ರೊಸೆಸರ್ ಪಕ್ಕದ ಉರುಟು ಕೆಪ್ಯಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು. ಪೂರಿಯ ಹಾಗೆ ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ, ಅಂಗಡಿಯವರು ಹೇಳಿದ್ದೇ ಸರಿ.

ಹಣದ ವಿಷಯವನ್ನೂ ಕೇಳಿದ್ದೀರಿ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ರ ಪಟ್ಟಿಯಲ್ಲಿ ನಿಮ್ಮ ಪ್ರೊಸೆಸರ್ ಇಲ್ಲ. ಹಾಗಾಗಿ ಹಳೇ ಬೋರ್ಡಿಗೂ ಡಿಡಿಆರ್3 ರ‍್ಯಾಮಿಗೂ ನಾನಾದರೆ ಜಾಸ್ತಿ ದುಡ್ಡು ಹಾಕುವುದಿಲ್ಲ, ಅವು ಮುಂದಿನ ಪಿಸಿಗೆ ಬರುವುದಿಲ್ಲ. ಒಳ್ಳೆಯ ಎಸ್‌ಎಂಪಿಎಸ್, ಎಸ್‌ಎಸ್‌ಡಿ ತೆಗೆದುಕೊಂಡರೆ ಅವು ಜೊತೆಗೆ ಬರುತ್ತವೆ. ಓದು, ಬರಹ, ಇಂಟರ್ನೆಟ್ ಸಾಕು ಅನ್ನುವುದಾದರೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿ. ನಮ್ಮಲ್ಲಿ ಈಗ ಅದೇ ಓಡುತ್ತಿದೆ.

ಇವತ್ತು ರಾತ್ರಿ ಮೆಮ್‌ಟೆಸ್ಟ್ ಹಾಕಿ. ಯಾವ ಸ್ಟಿಕ್, ಯಾವ ಸ್ಲಾಟ್, ಎಷ್ಟು ಎರರ್ ಅಂತ ನಾಳೆ ಬರೆಯಿರಿ, ಮುಂದಿನದು ನೋಡೋಣ.