ಸಾರಜನಕ ಡೋಪ್ ಮಾಡಿದ ಟೈಟಾನಿಯಾ: ಬಣ್ಣ ಅರ್ಧ ಇಳಿದು ಅಲ್ಲಿಗೇ ನಿಲ್ಲುತ್ತಿದೆ

ನೀಲಿಬೀಕರ್:
ಎಂಎಸ್ಸಿ ಪ್ರಾಜೆಕ್ಟ್, ಮಾಮೂಲಿ ಬೆಳಕಲ್ಲೇ ನೀರಿನಲ್ಲಿರುವ ಬಣ್ಣ ಒಡೆಯುವ ಕ್ಯಾಟಲಿಸ್ಟ್ (ವೇಗವರ್ಧಕ) ಮಾಡುವುದು. ಟೈಟಾನಿಯಂ ಡೈಆಕ್ಸೈಡ್ (ಟೈಟಾನಿಯಾ) ಪುಡಿಗೆ ಸಾರಜನಕ ಡೋಪ್ ಮಾಡಲು, ಅಂದರೆ ಅದರೊಳಗೆ ಸ್ವಲ್ಪ ಸಾರಜನಕ ಕೂರಿಸಲು, ಯೂರಿಯಾ ಸೇರಿಸಿ ಅರೆದು, ಮುಚ್ಚಿದ ಕ್ರೂಸಿಬಲ್‌ನಲ್ಲಿ 400 ಡಿಗ್ರಿಗೆ ಕಾಯಿಸಿದೆ. ಪುಡಿ ತಿಳಿ ಹಳದಿಯಾಗಿದೆ. ಲೀಟರಿಗೆ 10 ಮಿಲಿಗ್ರಾಂ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಇರುವ ದ್ರಾವಣ 100 ಮಿಲಿ, ಅದಕ್ಕೆ 0.1 ಗ್ರಾಂ ಪುಡಿ, ಮೇಲಿಂದ ಬಿಳಿ ಎಲ್‌ಇಡಿ. ಮೊದಲ ಅರ್ಧ ಗಂಟೆಯಲ್ಲಿ ಬಣ್ಣ ಅರ್ಧಕ್ಕೆ ಇಳಿಯುತ್ತದೆ. ಆಮೇಲೆ ಎಷ್ಟು ಕಾದರೂ ಅಲ್ಲಾಡುವುದಿಲ್ಲ. ಬಣ್ಣ ಅಳೆಯುವ ಮಷೀನಿನ ರೀಡಿಂಗ್ ಕೂಡ ಒಂದೇ ಕಡೆ ನಿಲ್ಲುತ್ತಿಲ್ಲ. ದ್ರಾವಣಕ್ಕೆ ಬಳಸಿದ್ದು ಬೋರ್‌ವೆಲ್ ನೀರು. ಡೋಪಿಂಗ್ ಸರಿ ಆಗಿಲ್ವಾ ಸರ್?

ಹಳೇಫರ್ನೇಸ್:
ಡೋಪಿಂಗ್ ಮೇಲೆ ಈಗಲೇ ಗೂಬೆ ಕೂರಿಸಬೇಡಿ. ಮೊದಲ ಅರ್ಧ ಗಂಟೆಯ ಇಳಿಕೆ ಬಹುಶಃ ಬೆಳಕಿನ ಕೆಲಸವೇ ಅಲ್ಲ. ಪಿಎಚ್ ಸುಮಾರು 6 ದಾಟಿದರೆ ಟೈಟಾನಿಯಾದ ಮೈ ಋಣಾವೇಶದ್ದು, ಮೆಥಿಲೀನ್ ಬ್ಲೂ ಧನಾವೇಶದ್ದು. ಬಣ್ಣ ಹೋಗಿ ಪುಡಿಗೆ ಅಂಟಿಕೊಳ್ಳುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿ ತಳದ ಪುಡಿ ನೋಡಿ. ಅದು ನೀಲಿಯಾಗಿದ್ದರೆ ಬಣ್ಣ ಒಡೆದಿಲ್ಲ, ಸುಮ್ನೆ ಮನೆ ಬದಲಾಯಿಸಿದೆ.

ಬೀಕರ್‌ಗೆ ಫಾಯಿಲ್ ಸುತ್ತಿ, ಕತ್ತಲಲ್ಲಿ ಕಲಕುತ್ತಾ ಇಡಿ. ರೀಡಿಂಗ್ ಇಳಿಯುವುದು ನಿಂತ ಮೇಲೆ ಎಲ್‌ಇಡಿ ಹಾಕಿ, ಅಲ್ಲಿಂದ ಲೆಕ್ಕ ಶುರು ಮಾಡಿ. ಪುಡಿ ಹಾಕದೆ ಬರೀ ಬಣ್ಣ, ಬೆಳಕು ಇರುವ ಬೀಕರ್ ಕೂಡ ಪಕ್ಕದಲ್ಲಿರಲಿ.

ಬೋರ್‌ವೆಲ್ ನೀರು ಮಾತ್ರ ಬೇಡವೇ ಬೇಡ. ಅದರಲ್ಲಿರುವ ಬೈಕಾರ್ಬೊನೇಟ್, ಬಣ್ಣ ಒಡೆಯುವ ಹೈಡ್ರಾಕ್ಸಿಲ್ ರ್ಯಾಡಿಕಲ್‌ಗಳನ್ನು ತಿಂದುಹಾಕುತ್ತದೆ. ಮೊದಲು ಡಿಸ್ಟಿಲ್ಡ್ ನೀರಲ್ಲಿ ಗೆಲ್ಲಿ, ಊರ ನೀರಿಗೆ ಆಮೇಲೆ ಬನ್ನಿ. ರೀಡಿಂಗ್ ಕುಣಿಯುವುದು ತೇಲುವ ಕಣಗಳಿಂದ, ಅವು ಬೆಳಕನ್ನು ಚದುರಿಸುತ್ತವೆ. ಸಿರಿಂಜ್ ಫಿಲ್ಟರ್ ಬಳಸುವುದಾದರೆ ಹುಷಾರು, ಕೆಲವು ಫಿಲ್ಟರ್‌ಗಳೇ ಬಣ್ಣ ಹೀರುತ್ತವೆ.

ಕಲರಿಮೀಟರ್:
ಇನ್ನೊಂದು ಮಾತು. ಹಳದಿ ಬಂತು ಅಂದ ಮಾತ್ರಕ್ಕೆ ಸಾರಜನಕ ಒಳಗೆ ಕೂತಿದೆ ಅಂತಲ್ಲ. ಯೂರಿಯಾ ಕಾದಾಗ ಇಂಗಾಲ, ಸಾರಜನಕ ಸೇರಿದ ಹಳದಿ ಶೇಷವೂ ಉಳಿಯಬಹುದು. ಹಾಗಂತ ಉರಿ ಜಾಸ್ತಿ ಮಾಡಿದರೆ ಸಾರಜನಕವೂ ಹಾರಿಹೋಗುತ್ತದೆ, ಟೈಟಾನಿಯಾದ ಅನಾಟೇಸ್ ಎಂಬ ಹರಳು ರೂಪ ರೂಟೈಲ್ ಎಂಬ ಇನ್ನೊಂದು ರೂಪ ಆಗತೊಡಗುತ್ತದೆ. ಯೂರಿಯಾ ಇಲ್ಲದೆ ಅದೇ ಉರಿಯಲ್ಲಿ ಕಾಯಿಸಿದ ಪುಡಿಯನ್ನೂ ಹೋಲಿಸಿ. ಡೋಪ್ ಮಾಡದ ಅನಾಟೇಸ್ ಕೆಲಸ ಮಾಡಲು 3.2 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು, ಅಂದರೆ ಸುಮಾರು 387 ನ್ಯಾನೋಮೀಟರ್‌ಗಿಂತ ಕಡಿಮೆ ಅಲೆಯುದ್ದದ ಬೆಳಕು. ಬಿಳಿ ಎಲ್‌ಇಡಿಯಲ್ಲಿ ಅದು ಇಲ್ಲವೆಂದೇ ಹೇಳಬೇಕು.

ಆದರೂ ಡೋಪ್ ಮಾಡದ ಪುಡಿ ಬಣ್ಣ ಇಳಿಸಿದರೆ ಆಶ್ಚರ್ಯ ಬೇಡ. ಮೆಥಿಲೀನ್ ಬ್ಲೂ ತಾನೇ ಬೆಳಕು ಹೀರಿ ಟೈಟಾನಿಯಾಕ್ಕೆ ಎಲೆಕ್ಟ್ರಾನ್ ದಾಟಿಸುತ್ತದೆ, ಹಾಗೇ ತಾನೂ ಹಾಳಾಗುತ್ತದೆ. ಈ ಬಣ್ಣ ಒಂದನ್ನೇ ನಂಬಿ "ನನ್ನ ಕ್ಯಾಟಲಿಸ್ಟ್ ಗೆದ್ದಿತು" ಅನ್ನುವ ವರದಿಗಳು ನನಗಂತೂ ಒಪ್ಪಿಗೆಯಿಲ್ಲ. ಬಣ್ಣವಿಲ್ಲದ ಫೀನಾಲ್ ಮೇಲೂ ಪರೀಕ್ಷಿಸಿ. ಗ್ಲೌಸ್ ಹಾಕಿಕೊಳ್ಳಿ, ಫೀನಾಲ್ ಚರ್ಮ ಸುಡುತ್ತದೆ.

ನೀಲಿಬೀಕರ್:
ಫಾಯಿಲ್ ಸುತ್ತಿದ ಬೀಕರಿನಲ್ಲೂ ಬಣ್ಣ ಅಷ್ಟೇ ಇಳಿಯಿತು, ತಳದ ಪುಡಿ ನೀಲಿ. ಡಿಸ್ಟಿಲ್ಡ್ ನೀರಲ್ಲಿ ಎಲ್‌ಇಡಿ ಹಾಕಿದ ಮೇಲೆ ನಿಧಾನಕ್ಕೆ ಇಳಿಯುತ್ತಿದೆ. ಆದರೆ ಬಣ್ಣ ಬೆಳಕನ್ನು ಅತಿ ಹೆಚ್ಚು ಹೀರುವ ಶಿಖರ 664 ನ್ಯಾನೋಮೀಟರ್‌ನಲ್ಲಿದ್ದದ್ದು 650ರ ಕಡೆ ಸರಿಯುತ್ತಿದೆ. ಮಷೀನ್ ಕೆಟ್ಟಿದೆಯಾ?

ಹಳೇಫರ್ನೇಸ್:
ಮಷೀನ್ ಸರಿಯಾಗೇ ಇದೆ. ಅಣುವಿನ ಮೀಥೈಲ್ ಗುಂಪುಗಳು ಒಂದೊಂದಾಗಿ ಕಳಚಿದಾಗ ಶಿಖರ ಹಾಗೆ ಸರಿಯುತ್ತದೆ. ಉಂಗುರ ಇನ್ನೂ ಗಟ್ಟಿಯಾಗಿರಬಹುದು, ಆದ್ದರಿಂದ 664 ಒಂದನ್ನೇ ಬರೆದುಕೊಂಡರೆ ಒಡೆದದ್ದು ಜಾಸ್ತಿ ಅಂತ ಕಾಣುತ್ತದೆ. ಪ್ರತಿ ಸ್ಯಾಂಪಲ್‌ಗೂ 500ರಿಂದ 700ರವರೆಗೆ ಪೂರ್ತಿ ಸ್ಕ್ಯಾನ್ ತೆಗೆಯಿರಿ. ಕಾಲೇಜಲ್ಲಿ ಟಿಒಸಿ (ನೀರಲ್ಲಿ ಉಳಿದ ಒಟ್ಟು ಸಾವಯವ ಇಂಗಾಲ) ಅಳೆಯುವ ಮಷೀನ್ ಇಲ್ಲದಿದ್ದರೆ ಸಿಒಡಿ (ಅದನ್ನು ಉತ್ಕರ್ಷಿಸಲು ಬೇಕಾದ ಆಮ್ಲಜನಕ) ಪರೀಕ್ಷೆಯಾದರೂ ಮಾಡಿಸಿ. ಗ್ರಾಫ್ ಇಲ್ಲಿ ಹಾಕಿ, ನೋಡೋಣ.